ತಾಲ್ಯೋನಿಯ ಲಂಗ ಮೊಣಕಾಲಿನ ಕೆಳಗಿತ್ತು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಯುರೋಪಿನ ಬ್ಯಾಲೆ ಉಡುಪಿನ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆಯಲ್ಲಿ ಅರ್ಧ ಪುಟ ಸಿಕ್ಕಿದ್ದಕ್ಕೆ ಸಂತೋಷವಾಯಿತು. ಆದರೆ ಮೂವತ್ತು ವರ್ಷಗಳಿಂದ ರಂಗದ ಮೇಲೆ ಕುಣಿಯುವವರಿಗೆ ಬಟ್ಟೆ ಹೊಲಿಯುತ್ತಿರುವ ನನಗೆ, ಜೊತೆಗಿದ್ದ ಚಿತ್ರವನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ‘1832ರ ಮರೀ ತಾಲ್ಯೋನಿ’ ಎಂದು ಕೆಳಗೆ ಬರೆದಿದೆ. ಆಕೆ ಆ ಕಾಲದ ಹೆಸರಾಂತ ಬ್ಯಾಲೆ ನರ್ತಕಿ. ಮೇಲಿರುವುದು ಸೊಂಟದಿಂದ ತಟ್ಟೆಯ ಹಾಗೆ ಅಡ್ಡಕ್ಕೆ ಚಾಚಿದ, ತೊಡೆ ಕಾಣುವ ಗಿಡ್ಡ ಟುಟು, ಅಂದರೆ ಬ್ಯಾಲೆಯ ಲಂಗ. ಬ್ಯಾಲೆಯ ಲಂಗ ಮೊಣಕಾಲನ್ನು ದಾಟಿ ಮೇಲೇರಿದ್ದೇ ಆ ಶತಮಾನದ ಕೊನೆಯ ದಶಕಗಳಲ್ಲಿ. ಹೀಗೆ ತಟ್ಟೆಯಂತೆ ಚಪ್ಪಟೆಯಾದದ್ದು ಅದಕ್ಕೂ ಈಚೆಗೆ. 1832ರ ಮಾರ್ಚ್ 12ರಂದು ಪ್ಯಾರಿಸ್ ಒಪೆರಾ ರಂಗಮಂದಿರದಲ್ಲಿ ‘ಲಾ ಸಿಲ್ಫೀಡ್’ ಎಂಬ, ಗಾಳಿಯ ಕಿನ್ನರಿಯೊಬ್ಬಳ ಕಥೆಯ ಬ್ಯಾಲೆ ಮೊದಲ ಸಲ ನಡೆದಾಗ ತಾಲ್ಯೋನಿ ತೊಟ್ಟಿದ್ದು ಗಂಟೆಯ ಆಕಾರದ ಬಿಳಿ ಲಂಗ. ಅದು ಮೊಣಕಾಲನ್ನು ಮುಚ್ಚಿ ಮೀನಖಂಡದವರೆಗೆ ಇಳಿದಿತ್ತು. ಮೇಲೆ ಮೈಗೆ ಅಂಟಿದ ರವಿಕೆ, ಬರಿದಾದ ಭುಜ, ಬೆನ್ನಿಗೆ ಪುಟ್ಟ ರೆಕ್ಕೆ, ತಲೆಗೆ ಹೂವಿನ ದಂಡೆ.

ಚಿತ್ರದ ತಪ್ಪಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಲೇಖನದ ಒಂದು ವಾಕ್ಯ. ತುದಿ ಗಟ್ಟಿಯಾದ ವಿಶೇಷ ಬೂಟುಗಳ ಬಲದಿಂದ ಆಕೆ ಬೆರಳ ತುದಿಯಲ್ಲಿ ನಿಂತಳು ಎಂದು ಅದರಲ್ಲಿದೆ. ಆ ಕಾಲದ ಬ್ಯಾಲೆ ಪಾದರಕ್ಷೆಗೆ ಗಟ್ಟಿ ತುದಿಯೇ ಇರಲಿಲ್ಲ. ಅದು ಹಿಮ್ಮಡಿಯಿಲ್ಲದ ಸ್ಯಾಟಿನ್ ಚಪ್ಪಲಿ. ತೆಳ್ಳನೆಯ ತೊಗಲಿನ ಅಟ್ಟೆ ಬೆರಳ ತುದಿಯವರೆಗೂ ಬರುವುದಿಲ್ಲ, ಸ್ವಲ್ಪ ಹಿಂದೆಯೇ ನಿಲ್ಲುತ್ತದೆ. ತುದಿಯ ಸುತ್ತ, ಬದಿಗಳಲ್ಲಿ ಸೂಜಿದಾರದಿಂದ ಒತ್ತೊತ್ತಾಗಿ ರಫು ಮಾಡಿರುತ್ತಾರೆ. ಸಿಗುವ ಆಸರೆ ಅಷ್ಟೇ. ಅಂಥದೊಂದು ಜೋಡಿಯನ್ನು ನಾನೇ ಒಮ್ಮೆ ಹೊಲಿದು ನೋಡಿದ್ದೇನೆ. ರಫು ಮಾಡುವುದಕ್ಕೇ ಎರಡು ಸಂಜೆ ಹಿಡಿಯಿತು. ಬ್ಯಾಲೆ ಬಲ್ಲ ಹುಡುಗಿಯೊಬ್ಬಳು ಅದನ್ನು ತೊಟ್ಟು ತುದಿಗಾಲಿನ ಮೇಲೆ ಏರಿದಳು. ಮೂರು ಎಣಿಸುವುದರೊಳಗೆ ಇಳಿದು, ನೆಲದ ಹಲಗೆಯ ಗೆರೆಗಳೆಲ್ಲ ಉಗುರಿಗೆ ತಗುಲುತ್ತಿವೆ ಎಂದಳು.

ತಾಲ್ಯೋನಿಯನ್ನು ಎತ್ತಿ ಹಿಡಿದದ್ದು ಆಕೆಯ ಕಾಲು ಮತ್ತು ಬೆನ್ನು. 1822ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ರಂಗವೇರುವ ಮುನ್ನ ತಂದೆ ಫಿಲಿಪ್ಪೋ ಆಕೆಯಿಂದ ದಿನಕ್ಕೆ ಆರು ಗಂಟೆ ಸಾಧನೆ ಮಾಡಿಸಿದ. ಒಂದೊಂದು ಭಂಗಿಯಲ್ಲಿ ನೂರು ಎಣಿಸುವವರೆಗೆ ಅಲುಗಾಡದೆ ನಿಲ್ಲಬೇಕಿತ್ತು. ತುದಿಗಾಲಿನ ಮೇಲೆ ನಿಂತವರಲ್ಲಿ ಆಕೆ ಮೊದಲಿಗಳೂ ಅಲ್ಲ. ಅಮಾಲಿಯಾ ಬ್ರುನ್ಯೋಲಿ ಎಂಬ ನರ್ತಕಿ ಅದನ್ನು ವಿಯೆನ್ನಾದಲ್ಲಿ ತೋರಿಸಿದ್ದಳು. ಆದರೆ ತೋಳುಗಳ ಬಲದಿಂದ ಮೈಯನ್ನು ಮೇಲೆಳೆದುಕೊಳ್ಳುತ್ತಿದ್ದಳು. ತಾಲ್ಯೋನಿ ಆ ಶ್ರಮ ನೋಡುವವರ ಕಣ್ಣಿಗೆ ಬೀಳದಂತೆ ಮಾಡಿದಳು. ಇಷ್ಟನ್ನೂ ಬೂಟಿನ ಲೆಕ್ಕಕ್ಕೆ ಬರೆದರೆ ನನಗೆ ನೋವಾಗುತ್ತದೆ.

ಆ ಚಪ್ಪಲಿ ಬ್ಯಾಲೆಗೆಂದೇ ಹುಟ್ಟಿದ್ದೂ ಅಲ್ಲ. ಫ್ರಾನ್ಸಿನ ಕ್ರಾಂತಿಯ ವರ್ಷಗಳಲ್ಲಿ ಹೆಂಗಸರ ಎತ್ತರದ ಹಿಮ್ಮಡಿ ಇಳಿಯುತ್ತಾ ಬಂದು ಮಾಯವಾಯಿತು. ಮುಂದೆ ಹಲವು ದಶಕ ಸಂಜೆಯ ಕೂಟಗಳಿಗೆ ಅವರು ಹಾಕಿಕೊಂಡದ್ದು ಇದೇ ಚಪ್ಪಟೆ ಚಪ್ಪಲಿ, ಕಣಕಾಲಿಗೆ ಸುತ್ತಿದ ಇದೇ ರಿಬ್ಬನ್. ಎಡ ಬಲದ ಭೇದವೂ ಅದಕ್ಕಿರಲಿಲ್ಲ. ಎರಡೂ ಒಂದೇ ಅಚ್ಚು, ಕಾಲೇ ತೊಟ್ಟು ತೊಟ್ಟು ಬೇರೆ ಮಾಡಬೇಕು. ಗಂಡು ಹೆಣ್ಣು ಒಬ್ಬರನ್ನೊಬ್ಬರು ಹಿಡಿದು ಸುತ್ತುವ ವಾಲ್ಟ್ಜ್ ನೃತ್ಯ ಬಂದ ಮೇಲೆ ನೆಲ ಗುಡಿಸುವ ಲಂಗ ಉಟ್ಟು ಗಿರಗಿರನೆ ತಿರುಗುವುದು ಕಷ್ಟವಾಯಿತು. 1816ರಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ಈ ನೃತ್ಯವನ್ನು ಅಸಭ್ಯವೆಂದು ಬೈದು ಬರೆಯಿತು, ಆದರೂ ಅದು ನಿಲ್ಲಲಿಲ್ಲ. 1830ರ ಹೊತ್ತಿಗೆ ಸೊಂಟದ ಗೆರೆ ಎದೆಯ ಕೆಳಗಿನಿಂದ ತನ್ನ ಜಾಗಕ್ಕೆ ಮರಳಿತ್ತು, ಲಂಗದ ಅಗಲ ಹೆಚ್ಚಿತ್ತು, ಅಂಚು ಕಣಕಾಲಿಗೆ ಏರಿತ್ತು. ರಂಗದ ಮೇಲಿನ ಸಿಲ್ಫೀಡಳನ್ನು ನೋಡಿದ ಹೆಂಗಸರಿಗೆ ಅದು ತಮ್ಮದೇ ಉಡುಪಿನ ರೂಪವೆಂದು ಹೊಳೆದಿರಲೇಬೇಕು. ತೋಳು ಮಾತ್ರ ಬೇರೆ. ಆ ವರ್ಷಗಳ ಫ್ಯಾಶನ್ ಎಂದರೆ ದಿಂಬಿನಂತೆ ಉಬ್ಬಿದ ತೋಳು. ಅದನ್ನು ಕತ್ತರಿಸಿ ಚಿಕ್ಕದು ಮಾಡಿದ್ದರಿಂದಲೇ ಭುಜದ ಗೆರೆ ಇಳಿಜಾರಾಗಿ, ಮೈಗೆ ಭಾರವೇ ಇಲ್ಲವೆಂಬಂತೆ ಕಾಣುತ್ತದೆ. ಹೊಲಿಯುವವಳಾಗಿ ಹೇಳುತ್ತೇನೆ, ಆ ಉಡುಪಿನ ಜಾಣತನವೆಲ್ಲ ಆ ತೋಳಿನಲ್ಲಿದೆ.

ಇನ್ನು ಬಟ್ಟೆಯ ಮಾತು. ಒಂದರ ಮೇಲೊಂದು ಹಲವು ಪದರ ತೆಳು ಬಟ್ಟೆ ಹಾಕಬೇಕಾದರೆ ಅದು ಅಗ್ಗವಾಗಿ ಸಿಗಬೇಕು. ಹಿಂದೆ ನಯವಾದ ಮಸ್ಲಿನ್ ಬಂಗಾಳದಿಂದ ಹಡಗಿನಲ್ಲಿ ಬರುತ್ತಿತ್ತು. ಆಮೇಲೆ ಬ್ರಿಟನ್ನಿನ ಗಿರಣಿಗಳೇ ನೇಯತೊಡಗಿದವು. ಕೈಯಲ್ಲಿ ಹೆಣೆಯುತ್ತಿದ್ದ ಬಲೆಬಟ್ಟೆಯನ್ನು ನೇಯುವ ಯಂತ್ರವನ್ನು ಜಾನ್ ಹೀತ್‌ಕೋಟ್ 1809ರ ಸುಮಾರಿಗೆ ಸಿದ್ಧಪಡಿಸಿದ. 1816ರಲ್ಲಿ ಲಫ್‌ಬರೋದ ಆತನ ಕಾರ್ಖಾನೆಗೆ ನುಗ್ಗಿದ ಕೆಲಸಗಾರರು ಯಂತ್ರಗಳನ್ನು ಒಡೆದುಹಾಕಿದರು. ಬೆಳದಿಂಗಳಂಥ ಆ ಲಂಗದ ಹಿಂದೆ ಈ ಸುತ್ತಿಗೆಯ ಸದ್ದೂ ಇದೆ.

ಬೆಳದಿಂಗಳನ್ನು ತಂದದ್ದು ಗ್ಯಾಸ್ ದೀಪ. ಪ್ಯಾರಿಸ್ ಒಪೆರಾಕ್ಕೆ ಅದು ಬಂದದ್ದು 1822ರಲ್ಲಿ. 1831ರ ನವೆಂಬರ್‌ನಲ್ಲಿ ಅಲ್ಲಿ ಸಂಗೀತಕಾರ ಮೈಯರ್‌ಬೇರ್‌ನ ಗೀತನಾಟಕ ಒಂದರಲ್ಲಿ ಸತ್ತ ಸನ್ಯಾಸಿನಿಯರು ಗೋರಿಗಳಿಂದೆದ್ದು ಬಿಳಿ ಬಟ್ಟೆಯಲ್ಲಿ ಕುಣಿದಾಗ ಅವರ ಮುಂದಾಳಾಗಿದ್ದವಳೂ ತಾಲ್ಯೋನಿಯೇ. ನಾನು ಮೂರು ಪದರ ಬಿಳಿ ನೆಟ್ ಹೊಲಿದು, ಕೋಣೆ ಕತ್ತಲು ಮಾಡಿ, ಹಿಂದೆ ಒಂದು ದೀಪ ಇಟ್ಟು ನೋಡಿದೆ. ಅಂಚಿನಲ್ಲಿ ಬಟ್ಟೆ ಕಾಣದಾಗಿ ಬೆಳಕಷ್ಟೇ ಉಳಿಯುತ್ತದೆ. ಒಳಗೆ ಹೋದಂತೆ ಬಿಳುಪು ಗಟ್ಟಿಯಾಗುತ್ತದೆ. ಸ್ವಲ್ಪ ಅಲುಗಿಸಿದರೆ ಇಡೀ ಲಂಗ ಉಸಿರಾಡಿದ ಹಾಗೆ.

ನಿಮ್ಮ ಲೇಖನ ಪೂರ್ತಿ ಬಿಟ್ಟಿರುವ ವಿಷಯವೂ ಇಲ್ಲಿಯೇ ಇದೆ. ನಡುವೆ ಗಾಳಿ ತುಂಬಿದ ತೆಳು ಹತ್ತಿಯ ಪದರಗಳಿಗೆ ಬೆಂಕಿ ತಗುಲಿದರೆ ಆರಿಸಲು ಸಮಯವೇ ಸಿಗುವುದಿಲ್ಲ. 1844ರ ಡಿಸೆಂಬರ್‌ನಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ನರ್ತಕಿ ಕ್ಲಾರಾ ವೆಬ್‌ಸ್ಟರ್‌ಳ ಲಂಗಕ್ಕೆ ಪ್ರೇಕ್ಷಕರ ಕಣ್ಣೆದುರೇ ರಂಗದ ದೀಪ ತಗುಲಿತು. ಮೂರು ದಿನಗಳಲ್ಲಿ ಆಕೆ ತೀರಿಕೊಂಡಳು. ಎಮ್ಮಾ ಲಿವ್ರಿ ತಾಲ್ಯೋನಿಯ ಶಿಷ್ಯೆ. 1860ರಲ್ಲಿ ತಾಲ್ಯೋನಿ ಆಕೆಗೆಂದೇ ಚಿಟ್ಟೆಯ ಕಥೆಯ ಬ್ಯಾಲೆಯೊಂದನ್ನು ಸಂಯೋಜಿಸಿದಳು. ಅದರಲ್ಲಿ ಚಿಟ್ಟೆ ಪಂಜಿನ ಉರಿಗೆ ರೆಕ್ಕೆ ಸುಟ್ಟುಕೊಳ್ಳುತ್ತದೆ. ರಂಗದ ಬಟ್ಟೆಗಳನ್ನು ಬೆಂಕಿ ಹಿಡಿಯದ ದ್ರಾವಣದಲ್ಲಿ ಅದ್ದಬೇಕೆಂಬ ಆದೇಶ 1859ರಲ್ಲೇ ಹೊರಟಿತ್ತು. ಹಾಗೆ ಅದ್ದಿದ ಬಟ್ಟೆ ಬಿರುಸಾಗಿ ಮಾಸಿದಂತೆ ಕಾಣುತ್ತದೆಂದು ಲಿವ್ರಿ ಅದನ್ನು ತೊಡಲು ಒಪ್ಪಲಿಲ್ಲ. ಪಟಿಕದ ನೀರಿನಲ್ಲಿ ನೆಟ್ ಅದ್ದಿ ಒಣಗಿಸಿ ನೋಡಿದ ಮೇಲೆ ಆಕೆಯ ಮನಸ್ಸು ನನಗೆ ಅರ್ಥವಾಯಿತು. ಆ ಬಟ್ಟೆ ಉಸಿರಾಡುವುದಿಲ್ಲ, ಕಾಗದದಂತೆ ಸದ್ದು ಮಾಡುತ್ತದೆ. 1862ರ ನವೆಂಬರ್ 15ರಂದು ತಾಲೀಮಿನಲ್ಲಿ ಆಕೆಯ ಲಂಗಕ್ಕೆ ಗ್ಯಾಸ್ ದೀಪದ ಉರಿ ತಾಗಿತು. ಎಂಟು ತಿಂಗಳು ನರಳಿ, ಮರುವರ್ಷದ ಜುಲೈನಲ್ಲಿ ಕಣ್ಣು ಮುಚ್ಚಿದಳು. ಆ ಉಡುಪಿನ ಸುಟ್ಟು ಉಳಿದ ಚೂರುಗಳನ್ನು ಪ್ಯಾರಿಸ್ ಒಪೆರಾದ ಸಂಗ್ರಹಾಲಯದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.

ದಯವಿಟ್ಟು ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಹಾಕಿ. ಚಿತ್ರಕ್ಕೆ ಆಲ್ಫ್ರೆಡ್ ಶಾಲೋನ್ 1845ರಲ್ಲಿ ಬರೆದ, ನಾಲ್ವರು ನರ್ತಕಿಯರು ಒಟ್ಟಿಗಿರುವ ಕಲ್ಲಚ್ಚಿನ ಚಿತ್ರವನ್ನು ಬಳಸಬಹುದು. ನಡುವೆ ನಿಂತವಳು ತಾಲ್ಯೋನಿ, ಲಂಗದ ಉದ್ದ ಸರಿಯಾಗಿ ಕಾಣುತ್ತದೆ. ಪಾದಗಳನ್ನು ಮಾತ್ರ ಆತ ನಿಜಕ್ಕಿಂತ ತೀರಾ ಸಣ್ಣದಾಗಿ ಬರೆದಿದ್ದಾನೆ, ಅದನ್ನು ಅಡಿಬರಹದಲ್ಲಿ ತಿಳಿಸಿ. ಅದರ ಪಕ್ಕದಲ್ಲಿ ಕ್ಲಾರಾ ವೆಬ್‌ಸ್ಟರ್, ಎಮ್ಮಾ ಲಿವ್ರಿ ಇಬ್ಬರ ಹೆಸರಿಗೂ ಒಂದು ಸಾಲು ಜಾಗ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ರಂಗದ ಉಡುಪು ಹೊಲಿಯುವ ನಿಮ್ಮ ಓದುಗಿ