ಗಾಂಜಾ ಕೇಸು: ವಕೀಲರ ಫೀಸಿಗಿಂತ ಮೊದಲು ಪಂಚನಾಮೆಯ ತೂಕ ಕೇಳಿ

ಮಾನ್ಯರೇ,

ಹುಬ್ಬಳ್ಳಿ-ಧಾರವಾಡದಲ್ಲಿ ಗಾಂಜಾ ಮತ್ತಿತರ ಮಾದಕ ವಸ್ತುಗಳೊಂದಿಗೆ ಸಿಕ್ಕಿಬಿದ್ದ ಯುವಕರ ಬಂಧನದ ಸುದ್ದಿ ಆಗಾಗ ಪ್ರಕಟವಾಗುತ್ತಿದೆ. ಪೊಲೀಸರ ಕಾರ್ಯಾಚರಣೆಗೆ ನನ್ನ ತಕರಾರಿಲ್ಲ. ಕಾಲೇಜು, ಹಾಸ್ಟೆಲ್‌ಗಳ ಸುತ್ತಲಿನ ಈ ದಂಧೆ ನಿಲ್ಲಲೇಬೇಕು. ಆದರೆ ನ್ಯಾಯಾಲಯದ ಕಚೇರಿಯಲ್ಲಿ ನೌಕರಿ ಮಾಡಿ ನಿವೃತ್ತನಾದ ನನಗೆ ಕಾಡುವ ಸಂಗತಿ ಬೇರೆ. ಧಾರವಾಡದಲ್ಲಿ ಓದುತ್ತಿರುವ ಮಗ ಠಾಣೆಯಲ್ಲಿದ್ದಾನೆಂದು ಕೇಳಿ ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಓಡಿ ಬರುವ ತಂದೆ-ತಾಯಿಗೆ ‘ಗಾಂಜಾ ಕೇಸಂತ್ರೀ’ ಎಂಬುದರ ಆಚೆಗೆ ಏನೂ ತಿಳಿದಿರುವುದಿಲ್ಲ. ಎಷ್ಟು ತೂಕ, ಯಾವ ಕಲಂ ಎಂದರೆ ಮುಖ ನೋಡುತ್ತಾರೆ.

ಮಾದಕ ವಸ್ತುಗಳಿಗೆ ಸಂಬಂಧಿಸಿದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಶಿಕ್ಷೆಯೂ ಜಾಮೀನೂ ಬಹುಪಾಲು ತೂಕವನ್ನೇ ಅವಲಂಬಿಸಿವೆ. ಗಾಂಜಾ 1 ಕೆ.ಜಿ.ಗಿಂತ ಕಡಿಮೆಯಿದ್ದರೆ ಅಲ್ಪ ಪ್ರಮಾಣ. ಗರಿಷ್ಠ 1 ವರ್ಷ ಸೆರೆ ಅಥವಾ 10 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣ. ಕನಿಷ್ಠ 10, ಗರಿಷ್ಠ 20 ವರ್ಷ ಸೆರೆ, ಜೊತೆಗೆ ಕನಿಷ್ಠ 1 ಲಕ್ಷ ದಂಡ. ಇವೆರಡರ ನಡುವಿನದಕ್ಕೆ 10 ವರ್ಷದವರೆಗೆ. ಎಂಡಿಎಂಎ ಎಂಬ ರಾಸಾಯನಿಕ ಮಾದಕ ವಸ್ತುವಾದರೆ 10 ಗ್ರಾಂ ಮೀರಿದರೇ ವಾಣಿಜ್ಯ ಪ್ರಮಾಣ, ಅದರಲ್ಲಿ ಬೆರೆಸಿದ ಬೇರೆ ಪುಡಿಯ ತೂಕವೂ ಲೆಕ್ಕಕ್ಕೆ ಸೇರುತ್ತದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. (ಗೋವಿನಜೋಳದ ಸಾಲುಗಳ ನಡುವೆ ಗಾಂಜಾ ಗಿಡ ಬೆಳೆಸುವವರು ಇದೇ ಲೆಕ್ಕ ಹಿಡಿದು ನಿಶ್ಚಿಂತರಾಗಬಾರದು, ಬೆಳೆದದ್ದಕ್ಕೇ 10 ವರ್ಷದವರೆಗೆ ಶಿಕ್ಷೆಯುಂಟು.) ವಾಣಿಜ್ಯ ಪ್ರಮಾಣವಾದರೆ ಕಲಂ 37 ಅಡ್ಡ ಬರುತ್ತದೆ: ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಆಧಾರವಿದೆ, ಹೊರಗೆ ಬಂದು ಮತ್ತೆ ಅಂಥ ಅಪರಾಧ ಮಾಡಲಾರ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗದೆ ಜಾಮೀನು ಸಿಗದು.

ಆದ್ದರಿಂದ ಮೊದಲು ನೋಡಬೇಕಾದದ್ದು ಪಂಚನಾಮೆ, ಅಂದರೆ ಪಂಚರ (ಸಾಕ್ಷಿಗಳ) ಎದುರು ಬರೆದ ಜಪ್ತಿಯ ದಾಖಲೆ. ಅದರಲ್ಲಿ ಜಪ್ತಿಯ ಸ್ಥಳ, ವೇಳೆ, ತೂಕ, ಪಂಚರ ಸಹಿ, ಮಾಲಿಗೆ ಹಾಕಿದ ಸೀಲು ಎಲ್ಲವೂ ಇರುತ್ತವೆ. ಪ್ರಯೋಗಾಲಯಕ್ಕೆ ಕಳಿಸಿದ ಮಾದರಿಯ ತೂಕಕ್ಕೂ ಅಲ್ಲಿನ ವರದಿಯ ತೂಕಕ್ಕೂ ಹೊಂದಾಣಿಕೆ ಇದೆಯೇ, ಕಲಂ 52ಎ ಪ್ರಕಾರ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಮಾದರಿ ತೆಗೆದಿದ್ದಾರೆಯೇ ಎಂಬುದನ್ನು ಬಲ್ಲ ವಕೀಲರು ತಡಕಾಡದೆ ಕೇಳುತ್ತಾರೆ. ಮೈಮೇಲೆ ಶೋಧ ನಡೆಸುವ ಮೊದಲು, ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧ ಆಗಲೆಂದು ಕೇಳುವ ಹಕ್ಕು ನಿನಗಿದೆ ಎಂದು ಆರೋಪಿಗೆ ತಿಳಿಸಬೇಕೆನ್ನುತ್ತದೆ ಕಲಂ 50. ಚೀಲದಲ್ಲಿ ಸಿಕ್ಕ ಮಾಲಿಗೆ ಈ ರಕ್ಷಣೆ ಅನ್ವಯಿಸದು. ತುದಿಯ ಹೂವಿಲ್ಲದ ಬರೀ ಎಲೆ, ಬೀಜ ಕಾಯ್ದೆಯ ಲೆಕ್ಕದಲ್ಲಿ ಗಾಂಜಾವೇ ಅಲ್ಲ. ಇನ್ನು, ಒಂದೇ ರೂಮಿನ ನಾಲ್ವರನ್ನು ಒಟ್ಟಿಗೆ ಹಿಡಿದಾಗ ಮಾಲು ಯಾರದ್ದು, ಉಳಿದವರಿಗೆ ಅದರ ಅರಿವಿತ್ತೇ ಎಂಬುದೇ ಮುಖ್ಯ ವಾದವಾಗುತ್ತದೆ. ಏಕೆಂದರೆ ವಸ್ತು ಒಬ್ಬನ ವಶದಲ್ಲಿತ್ತೆಂದು ಸಾಬೀತಾದ ಮೇಲೆ ಅರಿವಿರಲಿಲ್ಲವೆಂದು ತೋರಿಸುವ ಹೊಣೆ ಅವನ ಮೇಲೆಯೇ ಬೀಳುತ್ತದೆ. ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವ ವಕೀಲರು ಬೇಕು.

ಸಿಗುವವರು ಮಾತ್ರ ಬೇರೆ. ನ್ಯಾಯಾಲಯದ ಗೇಟಿನಾಚೆಯ ಚಹಾದಂಗಡಿಯಲ್ಲಿ ‘ಸಂಜೀಗೆ ಬಿಡಸ್ತೀನಿ, ಮೊದ್ಲ ಇಷ್ಟ ಕೊಡ್ರಿ’ ಎನ್ನುವ ಮಧ್ಯವರ್ತಿಗೆ ಎತ್ತು ಮಾರಿದ ಹಣ ಕೊಟ್ಟು ಬರಿಗೈಯಾದವರನ್ನು ನಾನು ಕಂಡಿದ್ದೇನೆ. ಗೆದ್ದರೆ ಇಷ್ಟು ಎಂದು ಷರತ್ತಿನ ಫೀಸು ಗೊತ್ತುಮಾಡುವುದು ವಕೀಲರ ವೃತ್ತಿ ನಿಯಮಕ್ಕೇ ವಿರುದ್ಧ. ಫಲ ಖಾತ್ರಿ ಎನ್ನುವವರನ್ನು ಅಲ್ಲಿಯೇ ಬಿಟ್ಟು ಬರುವುದು ಒಳಿತು. ಎನ್‌ಡಿಪಿಎಸ್ ಪ್ರಕರಣಗಳನ್ನು ಸೆಷನ್ಸ್‌ನಲ್ಲಿ ನಡೆಸಿದ್ದೀರಾ, ವಿಚಾರಣೆಗೆ ಖುದ್ದು ಬರುತ್ತೀರಾ, ಕಿರಿಯರನ್ನು ಕಳಿಸುತ್ತೀರಾ ಎಂದು ಸಂಕೋಚವಿಲ್ಲದೆ ಕೇಳಬಹುದು. ಜಾಮೀನು ಇಲ್ಲಿ ತಿರಸ್ಕೃತವಾದರೆ ಧಾರವಾಡದ ಹೈಕೋರ್ಟ್ ಪೀಠವಿದೆ, ಬೆಂಗಳೂರಿಗೆ ಓಡಬೇಕಾಗಿಲ್ಲ.

ಹಣವಿಲ್ಲದವರಿಗೂ ದಾರಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರಂತೆ ಬಂಧನದಲ್ಲಿರುವ ಯಾವುದೇ ವ್ಯಕ್ತಿ ಉಚಿತ ಕಾನೂನು ನೆರವಿಗೆ ಅರ್ಹ. ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, 15100ಕ್ಕೆ ಕರೆ ಮಾಡಬಹುದು. ‘ಪುಕ್ಕಟೆ ವಕೀಲರು ಏನ ಮಾಡ್ಯಾರು’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆದರೆ ಸಮಯಕ್ಕೆ ಸರಿಯಾಗಿ ಹಾಜರಾಗುವ ನೆರವಿನ ವಕೀಲರು, ಮಧ್ಯವರ್ತಿ ತಂದು ನಿಲ್ಲಿಸಿದವರಿಗಿಂತ ಎಷ್ಟೋ ಮೇಲು. ಚಟಕ್ಕೆ ಬಿದ್ದು ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ಹುಡುಗ ತಾನಾಗಿಯೇ ಮುಂದೆ ಬಂದು ಚಿಕಿತ್ಸೆಗೆ ಒಳಗಾದರೆ, ಕಲಂ 64ಎ ಅಡಿಯಲ್ಲಿ ಅಭಿಯೋಜನೆಯಿಂದ ವಿನಾಯಿತಿಯೂ ಇದೆ; ಧಾರವಾಡದಲ್ಲಿಯೇ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇರುವಾಗ ಈ ಮಾತನ್ನು ಮೊದಲ ದಿನವೇ ವಕೀಲರೊಡನೆ ಎತ್ತಬೇಕು.

ಬಂಧಿತರ ಫೋಟೊ ಹಾಕುವ ಉತ್ಸಾಹವನ್ನು ಕೊಂಚ ತಗ್ಗಿಸಿ, ಸುದ್ದಿಯಲ್ಲಿ ಜಪ್ತಿಯಾದ ತೂಕ ಹಾಗೂ ಕಲಮನ್ನು ತಪ್ಪದೆ ನಮೂದಿಸಿ, ಕೆಳಗೆ 15100 ಎಂಬ ಸಂಖ್ಯೆಯನ್ನು ಒಂದು ಸಾಲಿನಲ್ಲಿ ಕೊಡಬೇಕೆಂದು ತಮ್ಮಲ್ಲಿ ವಿನಂತಿ. ಅದೇ ಸಂಖ್ಯೆಯನ್ನು ಅವಳಿ ನಗರದ ಎಲ್ಲ ಠಾಣೆಗಳ ಹೊರಗೋಡೆಯ ಮೇಲೆ, ದಾರಿಹೋಕರಿಗೂ ಕಾಣುವಷ್ಟು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಲು ಪೊಲೀಸ್ ಆಯುಕ್ತರು ಸೂಚಿಸಲಿ.

ನಿವೃತ್ತ ನ್ಯಾಯಾಲಯ ನೌಕರ,
ವಿದ್ಯಾನಗರ, ಹುಬ್ಬಳ್ಳಿ