ಎರಡು ವಿಭಾಗಗಳ ನಡುವಿನ ಅಧ್ಯಾಪಕರು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮುಂದಿನ ವರ್ಷದಿಂದ ಮಹಿಳಾ ಅಧ್ಯಯನ ಕೇಂದ್ರದ ಸಂಯೋಜಕನ ಹೊಣೆ ನಿನ್ನದು ಎಂದು ತಿಳಿದು ತುಂಬ ಸಂತೋಷವಾಯಿತು. ಕೇಂದ್ರದ ವಾರ್ತಾಪತ್ರವನ್ನು ಹೇಗೆ ತರುವುದು ಎಂದು ಕೇಳಿದ್ದೀಯ. ಖಂಡಿತ ಹೇಳುತ್ತೇನೆ. ಆದರೆ ಮೊದಲು ಅಧ್ಯಾಪಕರ ವಿಷಯ ಹೇಳಿಬಿಡುತ್ತೇನೆ. ಸುದ್ದಿ ಕೊಡಬೇಕಾದವರು ಅವರೇ. ಅವರಿಗೆ ಬರೆಯಲು, ಓದಲು ಬಿಡುವೇ ಇಲ್ಲದಿದ್ದರೆ ವಾರ್ತಾಪತ್ರದಲ್ಲಿ ಸಭೆ ಸಮಾರಂಭದ ಫೋಟೊ ಬಿಟ್ಟು ಬೇರೇನೂ ಇರುವುದಿಲ್ಲ.

ನಮ್ಮ ವಿಷಯ ಬೆಳೆದದ್ದೇ ಎರವಲು ಅಧ್ಯಾಪಕರಿಂದ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 1970ರಲ್ಲಿ ವಿಶ್ವವಿದ್ಯಾಲಯವೊಂದು ಮಹಿಳಾ ಅಧ್ಯಯನಕ್ಕೆ ಅಧಿಕೃತ ಸ್ಥಾನ ಕೊಟ್ಟಾಗಲಾಗಲಿ, ಮುಂಬೈಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ 1974ರಲ್ಲಿ ಸಂಶೋಧನಾ ಘಟಕ ಶುರುವಾದಾಗಲಾಗಲಿ, ಅಲ್ಲಿ ಆ ಹೆಸರಿನ ಪದವಿ ಪಡೆದವರು ಇರಲಿಲ್ಲ. ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರ ಕಲಿತವರು ಸೇರಿ ಕಟ್ಟಿದರು. ಇವತ್ತಿಗೂ ಸ್ವಂತ ಹುದ್ದೆಗಳು ಬೆರಳೆಣಿಕೆಯಷ್ಟೇ ಇರುವ ಕೇಂದ್ರಗಳು ಬಹಳ. ಮಿಕ್ಕವರೆಲ್ಲ ಮಾತೃ ವಿಭಾಗದಿಂದ, ಅಂದರೆ ತಾವು ಮೊದಲಿನಿಂದ ಇರುವ ವಿಭಾಗದಿಂದ, ಸಮಯ ಹಂಚಿಕೊಂಡು ಬರುವವರು. ಬೇರೆ ಬೇರೆ ಶಾಸ್ತ್ರಗಳ ಕಣ್ಣು ಒಂದೇ ಕೋಣೆಯಲ್ಲಿ ಸಿಗುವುದು ಹಾಗಾಗಿಯೇ, ಅಧ್ಯಾಪಕರು ಸೋಲುವುದೂ ಅದರಿಂದಲೇ.

ಜಂಟಿ ನೇಮಕಾತಿಯ ಆದೇಶದಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂದು ಬರೆದಿರುತ್ತದೆ. ಪಾಠದ ಮಟ್ಟಿಗೆ ಅದು ಸರಿ, ವರ್ಷಕ್ಕೆ ನಾಲ್ಕು ಕೋರ್ಸ್ ಇದ್ದರೆ ಎರಡೆರಡು. ಆದರೆ ಸಭೆಯನ್ನು ಅರ್ಧ ಮಾಡಲಾಗುವುದಿಲ್ಲ. ಎರಡೂ ಕಡೆ ತಿಂಗಳಿಗೆ ಎರಡು ಸಭೆ ನಡೆದರೆ ಆ ಅಧ್ಯಾಪಕಿಗೆ ನಾಲ್ಕು, ನಾಲ್ಕಕ್ಕೂ ಪೂರ್ತಿ ಕೂರಬೇಕು. ಪ್ರವೇಶ ಸಮಿತಿ, ಪಠ್ಯಕ್ರಮ ಸಮಿತಿ, ಪರೀಕ್ಷಾ ಕೆಲಸ ಎಲ್ಲವೂ ಹೀಗೆಯೇ. ಇದರ ಮೇಲೆ ವಿಶ್ವವಿದ್ಯಾಲಯದ ಪ್ರತಿ ಸಮಿತಿಗೂ ‘ಒಬ್ಬ ಮಹಿಳಾ ಸದಸ್ಯೆ’ ಬೇಕಾಗುತ್ತದೆ, ಮೊದಲ ಫೋನು ನಿನ್ನ ಕೇಂದ್ರಕ್ಕೇ ಬರುತ್ತದೆ. ಕೆಲಸ ಕೇಳುವಾಗ ಎರಡೂ ವಿಭಾಗ ಆಕೆಯನ್ನು ಪೂರ್ತಿ ತಮ್ಮವಳು ಎನ್ನುತ್ತವೆ. ಬಡ್ತಿಯ ಹೊತ್ತಿಗೆ ಎರಡೂ ಅರ್ಧ ಕೆಲಸವನ್ನಷ್ಟೇ ನೋಡುತ್ತವೆ.

ಇದಕ್ಕೆ ಬರಹದ ಒಪ್ಪಂದ ಒಂದೇ ದಾರಿ. ಅದು ನೇಮಕಾತಿ ಆದೇಶಕ್ಕೆ ಮೊದಲೇ ಆಗಬೇಕು, ಆಮೇಲೆ ಯಾರಿಗೂ ಅವಸರ ಇರುವುದಿಲ್ಲ. ಇಬ್ಬರು ಮುಖ್ಯಸ್ಥರೂ ಡೀನರೂ ಸಹಿ ಹಾಕಿ, ಒಂದು ಪ್ರತಿ ಅಧ್ಯಾಪಕಿಯ ಕೈಯಲ್ಲೇ ಇರಲಿ. ಯಾವ ಕೋರ್ಸ್ ಯಾರ ಕಾರ್ಯಭಾರದಲ್ಲಿ ಲೆಕ್ಕಕ್ಕೆ ಬರುತ್ತದೆ, ಎರಡೂ ಕಡೆ ಸೇರಿ ಹೆಚ್ಚೆಂದರೆ ಎಷ್ಟು ಸಮಿತಿ, ಪಿಎಚ್.ಡಿ. ವಿದ್ಯಾರ್ಥಿಗಳನ್ನು ಎಲ್ಲಿ ನೋಂದಾಯಿಸುವುದು, ಕೊಠಡಿ ಮತ್ತು ಸಂಶೋಧನಾ ಹಣ ಯಾರದು, ಮೌಲ್ಯಮಾಪನ ಸಮಿತಿಯಲ್ಲಿ ಕೇಂದ್ರದವರು ಎಷ್ಟು ಜನ, ಇಷ್ಟಕ್ಕೂ ಅದರಲ್ಲಿ ಉತ್ತರ ಇರಬೇಕು. ‘ಪರಸ್ಪರ ಸಮಾಲೋಚಿಸಿ ನಿರ್ಧರಿಸಲಾಗುವುದು’ ಎಂಬ ಸಾಲು ಬಂದರೆ ಹೊಡೆದುಹಾಕು. ಸಮಾಲೋಚಿಸಿದ ಮುಖ್ಯಸ್ಥರು ಬದಲಾದ ದಿನ ಆ ಸಾಲಿಗೆ ಬೆಲೆ ಇರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಒಪ್ಪಂದವನ್ನು ಮರುಪರಿಶೀಲಿಸುವ ಷರತ್ತೂ ಇರಲಿ.

ಮೌಲ್ಯಮಾಪನದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಎಳೆಯ ಅಧ್ಯಾಪಕರಿಗೆ ಏಟು ಬೀಳುವುದು ಇಲ್ಲಿಯೇ. ಮಾತೃ ವಿಭಾಗದ ಬಳಿ ‘ಮುಖ್ಯ’ ಪತ್ರಿಕೆಗಳ ಪಟ್ಟಿ ಇರುತ್ತದೆ, ಅದರಲ್ಲಿ ನಮ್ಮ ಕ್ಷೇತ್ರದ ಪತ್ರಿಕೆ ಇರುವುದಿಲ್ಲ. 1972ರಿಂದ ಬರುತ್ತಿರುವ ‘ಫೆಮಿನಿಸ್ಟ್ ಸ್ಟಡೀಸ್’, 1975ರಿಂದ ಬರುತ್ತಿರುವ ‘ಸೈನ್ಸ್’ ಎರಡೂ ತಜ್ಞರ ಪರಿಶೀಲನೆಯಾದ ಲೇಖನಗಳನ್ನೇ ಅಚ್ಚು ಹಾಕುತ್ತವೆ ಎಂದು ಸಮಿತಿಗೆ ಯಾರೋ ಹೇಳಬೇಕು. (ಎರಡನೆಯದರ ಹೆಸರಿಗೆ ‘ಸಂಕೇತಗಳು’ ಎಂದರ್ಥ. ವಿಜ್ಞಾನ ಪತ್ರಿಕೆ ಎಂದು ತಪ್ಪು ತಿಳಿಯುವವರಿದ್ದಾರೆ.) ಇದರ ಇನ್ನೊಂದು ಮುಖವೂ ಉಂಟು. ಹೆಣ್ಣೆಂಬ ಕಾರಣಕ್ಕೆ ಮತ್ತು ಕಪ್ಪು ಜನಾಂಗದವಳೆಂಬ ಕಾರಣಕ್ಕೆ ಆಗುವ ಅನ್ಯಾಯಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ ಎಂದು ತೋರಿಸಿದ ‘ಇಂಟರ್‌ಸೆಕ್ಷನಾಲಿಟಿ’ ಎಂಬ ಪದವನ್ನು ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್ಶಾ 1989ರಲ್ಲಿ ಮುಂದಿಟ್ಟದ್ದು ಒಂದು ಕಾನೂನು ಪತ್ರಿಕೆಯಲ್ಲಿ. ಇವತ್ತು ಆ ಪದವಿಲ್ಲದೆ ನಮ್ಮ ತರಗತಿ ಮುಂದೆ ಹೋಗುವುದಿಲ್ಲ. ಒಂದೇ ಶಾಸ್ತ್ರದ ಪಟ್ಟಿ ಹಿಡಿದು ಅಳೆದರೆ ಇಂಥ ಬರಹವೇ ಲೆಕ್ಕ ತಪ್ಪುತ್ತದೆ. ಆದ್ದರಿಂದ ಬಾಹ್ಯ ತಜ್ಞರ ಪಟ್ಟಿಯಲ್ಲಿ ಕನಿಷ್ಠ ಒಬ್ಬರಾದರೂ ಮಹಿಳಾ ಅಧ್ಯಯನದವರು ಇರಬೇಕೆಂದು ಹಟ ಹಿಡಿ. ಸಂಯೋಜಕನಾಗಿ ಬಡ್ತಿಯ ಪ್ರತಿ ಕಡತಕ್ಕೂ ಎರಡು ಪುಟದ ಟಿಪ್ಪಣಿ ಬರೆ. ಆ ಪತ್ರಿಕೆ ಯಾವುದು, ಜಂಟಿ ಲೇಖನದಲ್ಲಿ ಆಕೆಯ ಪಾಲೇನು, ಸಮುದಾಯದ ಜೊತೆ ಮಾಡಿದ ಕೆಲಸದಲ್ಲಿ ಸಂಶೋಧನೆ ಯಾವುದು, ಇಷ್ಟು ಸಾಕು. ಹೊಗಳಿಕೆ ಬೇಡ.

ಪಾಠಗಳ ವಿಷಯಕ್ಕೆ ಬರುತ್ತೇನೆ. ಪರಿಚಯ, ಸಿದ್ಧಾಂತ, ಸಂಶೋಧನಾ ವಿಧಾನ, ಕೊನೆಯ ಪ್ರಬಂಧ, ಈ ನಾಲ್ಕು ಮಾತ್ರ ನಿನ್ನ ಕೈಯಲ್ಲಿರುತ್ತವೆ. ಐಚ್ಛಿಕ ಕೋರ್ಸ್‌ಗಳೆಲ್ಲ ಬೇರೆ ವಿಭಾಗದವು, ಅವರ ಪಟ್ಟಿಯಲ್ಲೂ ನಮ್ಮ ಪಟ್ಟಿಯಲ್ಲೂ ಸೇರಿ ನಡೆಯುವಂಥವು. ಅವರು ಒಂದನ್ನು ರದ್ದು ಮಾಡಿದರೆ ನಿನಗೆ ಗೊತ್ತಾಗುವುದು ವಿದ್ಯಾರ್ಥಿ ಬಂದು ಕೇಳಿದಾಗಲೇ, ಅಷ್ಟರಲ್ಲಿ ಅವಳ ಪದವಿ ನಿಂತಿರುತ್ತದೆ. ಅದಕ್ಕೇ ಎರಡು ವರ್ಷದ ವೇಳಾಪಟ್ಟಿಯನ್ನು ಈಗಲೇ ಹಾಕು. ಅಡ್ಡ ಸಾಲಿನಲ್ಲಿ ಅವಧಿಗಳು (ಸೆಮಿಸ್ಟರ್‌ಗಳು), ಉದ್ದ ಸಾಲಿನಲ್ಲಿ ಕೋರ್ಸ್‌ಗಳು, ಪ್ರತಿ ಚೌಕದಲ್ಲಿ ಪಾಠ ಮಾಡುವವರ ಹೆಸರು ಮತ್ತು ಕೇಂದ್ರಕ್ಕೆ ಮೀಸಲಿಟ್ಟ ಸೀಟುಗಳ ಸಂಖ್ಯೆ. ನಾಲ್ಕು ಮೂಲ ಕೋರ್ಸ್‌ಗಳಿಗೂ ಇಬ್ಬಿಬ್ಬರ ಹೆಸರು ಬರೆಯಲು ಆಗಬೇಕು. ಸಿದ್ಧಾಂತದ ಎದುರು ಒಂದೇ ಹೆಸರಿದ್ದರೆ ಆಕೆ ಅಧ್ಯಯನ ರಜೆ ಕೇಳಲು ಹಿಂಜರಿಯುತ್ತಾಳೆ, ಪುಸ್ತಕ ಅರ್ಧಕ್ಕೇ ನಿಲ್ಲುತ್ತದೆ. ಪರಿಚಯದ ದೊಡ್ಡ ತರಗತಿಯನ್ನು ಪ್ರತಿ ಅವಧಿಯೂ ಅತಿಥಿ ಉಪನ್ಯಾಸಕರ ತಲೆಗೇ ಕಟ್ಟಬೇಡ. ಅತಿ ಹೆಚ್ಚು ಉತ್ತರಪತ್ರಿಕೆ ಅಲ್ಲಿ, ಅತಿ ಕಡಿಮೆ ಸಂಬಳವೂ ಅಲ್ಲೇ.

ಕಾಗದದಲ್ಲಿ ಎಲ್ಲೂ ಕಾಣದ ಕೆಲಸ ಒಂದಿದೆ. ಹಿಂಸೆಯ ಬಗ್ಗೆ ಪಾಠವಾದ ದಿನ ಯಾರಾದರೊಬ್ಬರು ಅಧ್ಯಾಪಕರ ಕೋಣೆಯ ಬಾಗಿಲು ತಟ್ಟುತ್ತಾರೆ. ಆಗ ಏನು ಮಾಡಬೇಕೆಂದು ಎಲ್ಲರಿಗೂ ಮೊದಲೇ ಗೊತ್ತಿರಲಿ. ಪೂರ್ತಿ ಕೇಳಿಸಿಕೊಳ್ಳುವುದು, ವಿಚಾರಣೆ ಮಾಡದಿರುವುದು, ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡದಿರುವುದು, ಏಕೆಂದರೆ ವರದಿ ಮಾಡಲೇಬೇಕೆಂಬ ನಿಯಮ ಇರಬಹುದು. ಆ ನಿಯಮವನ್ನು ಮಾತಿನ ಮೊದಲಲ್ಲೇ ತಿಳಿಸಬೇಕು. ಆಪ್ತಸಮಾಲೋಚಕರ ಮತ್ತು ದೂರು ಸಮಿತಿಯ ಫೋನ್ ಸಂಖ್ಯೆ ಮೇಜಿನ ಮೇಲೇ ಇರಬೇಕು. ವಿದ್ಯಾರ್ಥಿನಿ ಒಪ್ಪಿದರೆ ಜೊತೆಗೆ ಅಲ್ಲಿಯವರೆಗೆ ನಡೆದು ಹೋಗುವುದು ಒಳ್ಳೆಯದು. ಈ ಗಂಟೆಗಳನ್ನು ಹೆಸರು, ವಿವರ ಇಲ್ಲದೆ ‘ವಿದ್ಯಾರ್ಥಿ ಸಮಾಲೋಚನೆ, ಇಷ್ಟು ಗಂಟೆ’ ಎಂದಷ್ಟೇ ಬರೆದಿಡಲು ಹೇಳು. ವಾರ್ಷಿಕ ವರದಿಯಲ್ಲಿ ಆ ಅಂಕಿ ಕಾಣದಿದ್ದರೆ ಹೊಸ ಹುದ್ದೆ ಕೇಳಲು ನಿನ್ನ ಬಳಿ ಆಧಾರ ಇರುವುದಿಲ್ಲ.

ಇನ್ನು ವಾರ್ತಾಪತ್ರ. ವರ್ಷಕ್ಕೆ ಎರಡು ಸಂಚಿಕೆ, ಎಂಟು ಪುಟ ಸಾಕು. ಸಂಪಾದಕರು ಒಬ್ಬರೇ ಇರಲಿ, ಅದನ್ನು ಆಕೆಯ ಒಂದು ಸಮಿತಿ ಕೆಲಸವಾಗಿ ಲೆಕ್ಕ ಹಾಕು. ಹೊರಬರುವ ದಿನಕ್ಕೆ ಆರು ವಾರ ಮೊದಲು ಕೋರಿಕೆ ಕಳಿಸಬೇಕು. ‘ನಿಮ್ಮ ಸುದ್ದಿ ಕಳಿಸಿ’ ಎಂದರೆ ಯಾರೂ ಕಳಿಸುವುದಿಲ್ಲ. ಏನು ಪ್ರಕಟವಾಯಿತು, ಯಾವ ಸಂಶೋಧನೆಗೆ ಹಣ ಬಂತು, ಎಲ್ಲಿ ಮಾತಾಡಿದಿರಿ, ನಿಮ್ಮ ಯಾವ ವಿದ್ಯಾರ್ಥಿ ಪ್ರಬಂಧ ಮುಗಿಸಿದರು, ಮುಂದಿನ ಅವಧಿಗೆ ಯಾವ ಹೊಸ ಕೋರ್ಸ್, ಈ ಐದು ಪ್ರಶ್ನೆಗಳ ನಮೂನೆ ಕಳಿಸು. ನಾಲ್ಕು ವಾರ ಇರುವಾಗ ನೆನಪಿಸು. ಹಿರಿಯರು ತಾವಾಗಿ ಕಳಿಸುತ್ತಾರೆ, ಕಿರಿಯರು ಮತ್ತು ಅತಿಥಿ ಉಪನ್ಯಾಸಕರು ಸಂಕೋಚಪಡುತ್ತಾರೆ. ಅವರ ಕೋಣೆಗೇ ಹೋಗಿ ಕೇಳಬೇಕು. ಮೂರು ವಾರಕ್ಕೆ ಕರಡು, ಆಮೇಲೆ ಒಂದು ವಾರ ಪ್ರತಿಯೊಬ್ಬರೂ ತಮ್ಮ ಸಾಲನ್ನು ತಾವೇ ತಿದ್ದಲು.

ತಪ್ಪುಗಳು ಸಾಮಾನ್ಯವಾಗಿ ಇನಿಷಿಯಲ್ಲಿನಲ್ಲಿ, ಹುದ್ದೆಯ ಹೆಸರಿನಲ್ಲಿ, ಮತ್ತು ‘ಪ್ರಕಟವಾಗಿದೆ’ ಎಂದು ಬರೆದ ಇನ್ನೂ ಪ್ರಕಟವಾಗದ ಲೇಖನದಲ್ಲಿ ಇರುತ್ತವೆ. ಶೀರ್ಷಿಕೆ, ಪತ್ರಿಕೆ, ಸಂಪುಟ, ವರ್ಷ, ಪುಟ ಪೂರ್ತಿ ಇರಲಿ. ಸಂಸ್ಥೆಯ ಗುಣಮಟ್ಟ ಅಳೆಯುವ ಮಾನ್ಯತಾ ಸಮಿತಿ ಬಂದಾಗ ಇದೇ ಪಟ್ಟಿ ಕೈಗೆ ಸಿಗುತ್ತದೆ, ರಾತ್ರಿಯೆಲ್ಲ ಹುಡುಕುವ ಕೆಲಸ ತಪ್ಪುತ್ತದೆ. ಯಾರಾದರೂ ರಜೆಯಲ್ಲಿದ್ದರೆ ಕಾರಣ ಬರೆಯಬೇಡ, ಆಕೆಯೇ ಬರೆದು ಕೊಟ್ಟರೆ ಮಾತ್ರ ಹಾಕು. ತಮ್ಮ ಮೇಲಾದ ಹಿಂಸೆಯ ಬಗ್ಗೆ ಜನ ಮಾತಾಡಿದ ಸಭೆಯ ಫೋಟೊ ಹಾಕಲೇಬೇಡ. ಬೇರೆ ಫೋಟೊಗಳಿಗೂ ಬರಹದಲ್ಲಿ ಒಪ್ಪಿಗೆ ತೆಗೆದುಕೊ, ಅಂತರ್ಜಾಲದಲ್ಲಿ ಹಾಕುವುದಕ್ಕೆ ಬೇರೆಯಾಗಿ.

ಕೇಂದ್ರದ ಹೆಸರನ್ನು ‘ಲಿಂಗತ್ವ ಅಧ್ಯಯನ’ ಎಂದು ಬದಲಿಸುವ ಚರ್ಚೆ ನಿಮ್ಮಲ್ಲೂ ಇದೆ ಎಂದಿದ್ದೆ. ಮೊದಲ ವರ್ಷವೇ ಅದಕ್ಕೆ ಕೈಹಾಕಬೇಡ. ಅಂಕಪಟ್ಟಿ, ಕೋರ್ಸ್ ಸಂಕೇತ, ಹುದ್ದೆಗಳ ಮಂಜೂರಾತಿ ಎಲ್ಲ ಬದಲಾಗಬೇಕು. ಆಗಲೇ ಸೇರಿದ ವಿದ್ಯಾರ್ಥಿಗಳಿಗೆ ಹಳೆಯ ಹೆಸರಿನಲ್ಲೇ ಪದವಿ ಪಡೆಯುವ ಅವಕಾಶವೂ ಇರಬೇಕು.

ಹೊಸ ಅಧ್ಯಾಪಕಿಯ ಒಪ್ಪಂದದ ಕರಡು ನಿನ್ನ ಬಳಿ ಇದ್ದರೆ ಸಹಿಗೆ ಹೋಗುವ ಮೊದಲೇ ನನಗೆ ಕಳಿಸು. ಸಮಿತಿಗಳ ಮಿತಿಯ ಜಾಗದಲ್ಲಿ ಅಂಕಿಯೇ ಇರಲಿ, ಅಕ್ಷರದಲ್ಲೂ ಬರೆದಿರಲಿ.

ನಿನ್ನ ಗೆಳತಿ