ಹ್ಯಾಟಿನ ಒಳಪಟ್ಟಿಯನ್ನು ಇನ್ನು ಮುಂದೆ ನಾವಾಗಿಯೇ ಬದಲಾಯಿಸುವುದಿಲ್ಲ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ತಮಗೆಲ್ಲ ನಮಸ್ಕಾರಗಳು.

ಇಟಲಿಯ ಟೊರಿನೊದ ನಮ್ಮ ಪುಟ್ಟ ಅಂಗಡಿಯಿಂದ ಹಳೆಯ ಇಟಾಲಿಯನ್ ಫೆಲ್ಟ್ (ನೇಯದೆ, ಕೂದಲನ್ನು ಒತ್ತಿ ಹೆಣೆದ ಬಟ್ಟೆ) ಹ್ಯಾಟುಗಳನ್ನು ತರಿಸಿಕೊಳ್ಳುತ್ತಿರುವ ತಮಗೆ ಒಂದು ಬದಲಾವಣೆಯನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇವೆ. ಇದುವರೆಗೆ ನಾವು ಯಾವುದೇ ಹ್ಯಾಟನ್ನು ಮಾರುವ ಮೊದಲು ಹಬೆಗೆ ಹಿಡಿದು, ಮರದ ಅಚ್ಚಿನ ಮೇಲೆ ಕೂರಿಸಿ ಆಕಾರ ಸರಿಪಡಿಸಿ, ಹಣೆಗೆ ತಾಗುವ, ಒಣಗಿ ಬಿರುಕು ಬಿಟ್ಟ ಚರ್ಮದ ಒಳಪಟ್ಟಿಯನ್ನು ತೆಗೆದು ಹೊಸದನ್ನು ಹೊಲಿದು, ಅಸ್ತರು ಮಾಸಿದ್ದರೆ ಅದನ್ನೂ ಬದಲಾಯಿಸಿ ಕಳುಹಿಸುತ್ತಿದ್ದೆವು. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಇವುಗಳಲ್ಲಿ ಯಾವುದನ್ನೂ ನಾವಾಗಿಯೇ ಮಾಡುವುದಿಲ್ಲ. ಹ್ಯಾಟು ನಮ್ಮ ಕೈಗೆ ಹೇಗೆ ಬಂದಿತೋ ಹಾಗೆಯೇ, ಧೂಳನ್ನಷ್ಟೇ ತೆಗೆದು, ಅದರ ಒಳಗಿರುವ ಪ್ರತಿಯೊಂದನ್ನೂ ವಿವರಿಸುವ ಒಂದು ಚೀಟಿಯೊಡನೆ ತಮ್ಮನ್ನು ತಲುಪುತ್ತದೆ.

ಈ ನಿರ್ಧಾರಕ್ಕೆ ಕಾರಣವಾದದ್ದು ಒಂದು ಕಂದುಬಣ್ಣದ ಹ್ಯಾಟು. ಇಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರ ಗ್ರಾನ್ ಬಲೊನ್ ಎಂಬ ಹಳೆಯ ಸಾಮಾನುಗಳ ಸಂತೆ ನೆರೆಯುತ್ತದೆ. ಕಳೆದ ಚಳಿಗಾಲದಲ್ಲಿ ಆ ಸಂತೆಯ ಒಂದು ಮೇಜಿನ ಮೇಲೆ, ಹಿತ್ತಾಳೆ ಬೀಗಗಳ ರಾಶಿಯ ಪಕ್ಕದಲ್ಲಿ ಅದು ನನ್ನ ಕಣ್ಣಿಗೆ ಬಿತ್ತು. ರಿಬ್ಬನ್ನು ಒಂದು ಕಡೆಯೂ ಹರಿದಿರಲಿಲ್ಲ. ಅಂಚನ್ನು ಎರಡು ಬೆರಳುಗಳ ನಡುವೆ ಹಿಡಿದರೆ ಫೆಲ್ಟ್ ತೆಳ್ಳಗಿದ್ದರೂ ಬಿಗಿಯಾಗಿತ್ತು. ಒಳಪಟ್ಟಿ ಮಾತ್ರ ಹಣೆಯ ಬೆವರು ಕುಡಿದು ಮುಂಭಾಗದಲ್ಲಿ ಕಪ್ಪಾಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಅದರ ಮೇಲೆ ಬಂಗಾರದ ಬಣ್ಣದಲ್ಲಿ ಒತ್ತಿದ್ದ ಅಕ್ಷರಗಳಲ್ಲಿ ‘ಫು ಲಾಜ್ಜಾರೊ’ ಎಂಬಷ್ಟು ಮಾತ್ರ ಓದಲು ಬರುತ್ತಿತ್ತು. ರೂಢಿಯಂತೆ ನಾನು ಹೊಲಿಗೆ ಬಿಚ್ಚಿ ಪಟ್ಟಿಯನ್ನು ಕಿತ್ತಾಗ, ಅದರ ಹಿಂದಿನಿಂದ ನಾಲ್ಕು ಮಡಿಕೆಯಾಗಿ ಮಡಚಿದ್ದ ಹಳೆಯ ವೃತ್ತಪತ್ರಿಕೆಯ ಒಂದು ತುಂಡು ಜಾರಿ, ಹಬೆಯ ನೀರು ನಿಂತಿದ್ದ ತಟ್ಟೆಗೆ ಬಿತ್ತು. ತಲೆಗೆ ಹ್ಯಾಟು ಸಡಿಲವಾದರೆ ಒಳಪಟ್ಟಿಯ ಹಿಂದೆ ಕಾಗದ ಸೇರಿಸುವುದು ಹಿಂದಿನವರ ಅಭ್ಯಾಸವಾಗಿತ್ತು. ಆ ಕಾಗದವನ್ನು ನಾನು ಬಿಡಿಸಿ ನೋಡಲಿಲ್ಲ. ಒದ್ದೆಯಾದದ್ದನ್ನು ಮುರಿದ ಚರ್ಮದ ಜೊತೆಗೇ ಕಸದ ಬುಟ್ಟಿಗೆ ಹಾಕಿದೆ.

ಹ್ಯಾಟು ಧಾರವಾಡದ ಒಬ್ಬ ಹಿರಿಯರಿಗೆ ಹೋಯಿತು. ಎರಡು ವಾರಗಳ ನಂತರ ಅವರು ಬಹಳ ಸೌಜನ್ಯದಿಂದ ಬರೆದು ಕೇಳಿದ್ದು ಒಂದೇ ಮಾತು: ‘ಇದು ಯಾವ ಕಾಲದ್ದು, ಅದನ್ನು ತಾವು ಹೇಗೆ ಹೇಳುತ್ತೀರಿ?’ ಅದಕ್ಕೆ ಉತ್ತರ ಕೊಡಬಹುದಾಗಿದ್ದ ಎರಡು ವಸ್ತುಗಳನ್ನೂ ನನ್ನ ಕೈಯಾರೆ ಎಸೆದಾಗಿತ್ತು. ಆ ದಿನ ಪಾಲುದಾರರು ಇಬ್ಬರೂ ಕುಳಿತು ಮಾತನಾಡಿದಾಗ, ನಾವು ದುರಸ್ತಿ ಎಂದು ಕರೆಯುತ್ತಿದ್ದ ಕೆಲಸ ಎಷ್ಟೋ ಹ್ಯಾಟುಗಳ ಸಾಕ್ಷ್ಯವನ್ನು ಅಳಿಸಿಹಾಕಿದೆ ಎಂಬುದನ್ನು ಒಪ್ಪಿಕೊಳ್ಳಬೇಕಾಯಿತು. ಆ ಹಿರಿಯರ ಕ್ಷಮೆಯನ್ನು ಕೇಳಿದ್ದೇವೆ. ಈ ಪತ್ರದ ಮೂಲಕ ತಮ್ಮೆಲ್ಲರ ಕ್ಷಮೆಯನ್ನೂ ಕೇಳುತ್ತೇವೆ.

‘ಫು ಲಾಜ್ಜಾರೊ’ ಎಂಬ ಎರಡು ಪದಗಳಿಗೆ ಎಷ್ಟು ಬೆಲೆ ಇದೆ ಎಂಬುದನ್ನು ವಿವರಿಸಿದರೆ ನಮ್ಮ ತಪ್ಪಿನ ಗಾತ್ರ ತಮಗೆ ತಿಳಿದೀತು. ಜುಸೆಪ್ಪೆ ಬೊರ್ಸಲೀನೊ 1857ರ ಏಪ್ರಿಲ್ 4ರಂದು ಪಿಯೆಮೊಂಟೆ ಪ್ರಾಂತ್ಯದ ಅಲೆಸ್ಸಾಂಡ್ರಿಯಾ ಊರಿನಲ್ಲಿ ತನ್ನ ಹ್ಯಾಟು ಕಾರ್ಖಾನೆಯನ್ನು ಆರಂಭಿಸಿದ. ಲಾಜ್ಜಾರೊ ಆತನ ತಮ್ಮ. 1900ರಲ್ಲಿ ಜುಸೆಪ್ಪೆ ತೀರಿಕೊಂಡ ಮೇಲೆ ಮಗ ತೆರೇಸಿಯೊ ಆಡಳಿತ ವಹಿಸಿಕೊಂಡ. 20ನೇ ಶತಮಾನದ ಆರಂಭದಲ್ಲಿ ಲಾಜ್ಜಾರೊನ ಮಗ ಜೊವಾನ್ನಿ ಬತ್ತಿಸ್ತಾ ಬೇರೆಯಾಗಿ, ಅದೇ ಊರಿನಲ್ಲಿ, ಅದೇ ಮನೆತನದ ಹೆಸರಿನಲ್ಲಿ ಪ್ರತಿಸ್ಪರ್ಧಿ ಕಂಪನಿಯೊಂದನ್ನು ಕಟ್ಟಿದ. ಇಟಾಲಿಯನ್ ದಾಖಲೆಗಳಲ್ಲಿ ‘ಫು’ ಎಂದರೆ ದಿವಂಗತರಾದ ತಂದೆಯ ಹೆಸರಿನ ಮುಂದೆ ಬರೆಯುವ ಪದ; ನಮ್ಮಲ್ಲಿ ‘ಬಿನ್’ ಎಂದು ಬರೆಯುವ ಜಾಗದಲ್ಲಿ ಬರುವಂಥದ್ದು. ಈ ಎರಡನೆಯ ಕಂಪನಿ ಮುಂದೆ ಮೂಲ ಕಂಪನಿಯೊಳಗೇ ಸೇರಿಹೋಯಿತು. ಹಾಗಾಗಿ ಆ ಎರಡು ಪದಗಳಿರುವ ಚರ್ಮದ ಪಟ್ಟಿ ಹ್ಯಾಟಿನ ಕಾಲವನ್ನು ಹುಡುಕಲು ಸಿಗುವ ಮೊದಲ ಸುಳಿವು. ಅದನ್ನು ಕಿತ್ತು ಹೊಳೆಯುವ ಹೊಸ ಪಟ್ಟಿಯನ್ನು ಹೊಲಿದರೆ ಉಳಿಯುವುದು ಯಾರದೋ ಒಂದು ಚೆಂದದ ಕಂದು ಹ್ಯಾಟು, ಅಷ್ಟೇ.

ಒಳಪಟ್ಟಿಯ ಹಿಂದಿನ ಕಾಗದದ ಚೀಟಿ, ಅಸ್ತರಿನ ಮೇಲೆ ಮುದ್ರಿಸಿದ ಲಾಂಛನ, ಹೊಲಿಗೆಯ ದಾರ, ಮಾರಿದ ಅಂಗಡಿಯ ಹೆಸರು, ಕೊಂಡವರ ಹೆಸರಿನ ಮೊದಲಕ್ಷರಗಳು, ಇವೆಲ್ಲವೂ ಒಟ್ಟಿಗೆ ಇದ್ದಾಗಲೇ ಹ್ಯಾಟು ತನ್ನ ಕಥೆ ಹೇಳುತ್ತದೆ. ಬದಲಾಯಿಸಿದ ಪಟ್ಟಿಯನ್ನು ಗುರುತಿಸುವ ಬಗೆಯನ್ನೂ ತಾವು ತಿಳಿದಿರುವುದು ಒಳ್ಳೆಯದು: ಪಟ್ಟಿಯನ್ನು ಹಗುರವಾಗಿ ಹೊರಗೆ ಮಗುಚಿ ಫೆಲ್ಟಿನ ಅಂಚನ್ನು ಬೆಳಕಿಗೆ ಹಿಡಿದರೆ, ದಾರವಿಲ್ಲದ ಹಳೆಯ ಸೂಜಿ ತೂತುಗಳ ಸಾಲು ಕಾಣಿಸುತ್ತದೆ. ನಮ್ಮಿಂದ ಹೋದ ಎಷ್ಟೋ ಹ್ಯಾಟುಗಳಲ್ಲಿ ಅದು ಕಂಡೀತು.

ಕಾಲವನ್ನು ಹೇಳುವ ರೀತಿಯನ್ನೂ ಇದರೊಡನೆ ತಿದ್ದಿಕೊಳ್ಳುತ್ತಿದ್ದೇವೆ. ಅಸ್ತರಿನ ಮೇಲೆ 1857 ಎಂದಿದ್ದರೆ ಅದು ಕಂಪನಿ ಹುಟ್ಟಿದ ವರ್ಷವೇ ಹೊರತು ಹ್ಯಾಟಿನದಲ್ಲ. ಪ್ಯಾರಿಸ್ಸಿನ 1900ರ ವಸ್ತುಪ್ರದರ್ಶನದಲ್ಲಿ ಬೊರ್ಸಲೀನೊಗೆ ಬಂದ ಗ್ರಾಂ ಪ್ರಿ ಎಂಬ ಅತ್ಯುನ್ನತ ಬಹುಮಾನದ ಉಲ್ಲೇಖವಿದ್ದರೆ, ಹ್ಯಾಟು ಅದಕ್ಕಿಂತ ಹಿಂದಿನದಲ್ಲ ಎಂದು ಹೇಳಬಹುದು, ಅದಕ್ಕಿಂತ ಹೆಚ್ಚೇನನ್ನೂ ಹೇಳುವಂತಿಲ್ಲ. ಇಟಲಿಯ ಅರಸೊತ್ತಿಗೆ 1946ರ ಜೂನ್ ತಿಂಗಳ ಜನಮತದೊಂದಿಗೆ ಕೊನೆಗೊಂಡದ್ದರಿಂದ, ಅರಮನೆಗೆ ಸರಬರಾಜು ಮಾಡುವವರು ಎಂದು ಬರೆದ ಸವೋಯಾ ರಾಜಮನೆತನದ ಲಾಂಛನ ಕಂಡರೆ ಹ್ಯಾಟು ಅದಕ್ಕಿಂತ ಹಿಂದಿನದು ಎಂಬ ಕಡೆಗೆ ವಾಲಬಹುದು. ಆದರೆ ಅದೊಂದನ್ನೇ ನಂಬಿ ತೀರ್ಮಾನ ಹೇಳಲಾಗದು. ನಮ್ಮ ಹಿಂದಿನ ಮಾರಾಟದ ಯಾದಿಗಳಲ್ಲಿ ‘1930’, ‘1948’ ಎಂದು ಒಂದೊಂದೇ ವರ್ಷ ಬರೆದದ್ದು ಸರಿಯಲ್ಲ. ಇನ್ನು ಮುಂದೆ ದಶಕವನ್ನಷ್ಟೇ, ಅದೂ ಕಾರಣ ಸಹಿತ ಬರೆಯುತ್ತೇವೆ. ಕಾರಣ ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಡುತ್ತೇವೆ. ಹಾಗೆಯೇ, ನೆತ್ತಿಯ ನಡುವೆ ಒಂದೇ ಉದ್ದ ಮಡಿಕೆಯಿದ್ದು ಅಂಚು ಸುತ್ತಲೂ ಮೇಲಕ್ಕೆ ಬಾಗಿರುವ ಹ್ಯಾಟನ್ನು ಫೆಡೋರಾ ಎನ್ನದೆ, ಇಟಲಿಯವರು ಕರೆಯುವಂತೆ ಲೊಬ್ಬಿಯಾ ಎಂದೇ ಕರೆಯುತ್ತೇವೆ. 1869ರಲ್ಲಿ ಫ್ಲಾರೆನ್ಸಿನಲ್ಲಿ ಹಲ್ಲೆಗೊಳಗಾದ ಸಂಸದ ಕ್ರಿಸ್ತಿಯಾನೊ ಲೊಬ್ಬಿಯಾನ ಹ್ಯಾಟು ಏಟಿನಿಂದ ನೆಗ್ಗಿತ್ತು. ಆ ನೆಗ್ಗಿನ ಆಕಾರವೇ ಮುಂದೆ ಆತನ ಹೆಸರಿನಲ್ಲಿ ಉಳಿಯಿತು.

ಬೊರ್ಸಲೀನೊ ಒಂದನ್ನೇ ಕೇಳುವವರಿಗೆ ಇಲ್ಲಿ ಒಂದು ಮಾತು ಸೇರಿಸಬೇಕೆನಿಸುತ್ತದೆ. ಬಿಯೆಲ್ಲಾದ ಮೇಲಿನ ಚೆರ್ವೊ ಕಣಿವೆಯ ಸಾಲ್ಯಾನೊ ಮಿಕ್ಕಾದಲ್ಲಿ 1862ರಿಂದ ಬಾರ್ಬಿಸಿಯೊ ಹ್ಯಾಟುಗಳು ತಯಾರಾದವು. ಆ ಹೊಳೆಯ ನೀರು ಮೆದುವಾದದ್ದು, ತುಪ್ಪಳ ತೊಳೆದು ಫೆಲ್ಟ್ ಮಾಡುವವರಿಗೆ ಅದೇ ಬೇಕಾದದ್ದು. ಮಾಜ್ಜೋರೆ ಸರೋವರದ ದಡದ ಗಿಫ್ಫಾದಲ್ಲಿ 1879ರಲ್ಲಿ ಆರಂಭವಾದ ಪನಿತ್ಸಾ ಕಾರ್ಖಾನೆಯ ನೆನಪಿಗೆ ಅಲ್ಲಿಯೇ ಒಂದು ವಸ್ತುಸಂಗ್ರಹಾಲಯವಿದೆ. ಹಳೆಯ ಬಾರ್ಬಿಸಿಯೊ ಒಂದನ್ನು ಕೈಯಲ್ಲಿ ಹಿಡಿದವರು ಹೆಸರಿನ ಹಿಂದೆ ಹೋಗುವುದಿಲ್ಲವೆಂಬುದು ನಮ್ಮ ಅನುಭವ.

ಹಬೆಗೆ ಹಿಡಿಯುವುದನ್ನು ನಿಲ್ಲಿಸಲು ಇನ್ನೂ ಒಂದು ಕಾರಣವಿದೆ, ಅದು ಆರೋಗ್ಯಕ್ಕೆ ಸಂಬಂಧಿಸಿದ್ದು. ಉತ್ತಮ ಫೆಲ್ಟ್ ಉಣ್ಣೆಯದಲ್ಲ, ಮೊಲ, ಕಾಡುಮೊಲ, ಬೀವರ್‌ಗಳ ತುಪ್ಪಳದ್ದು. ಕಂಬಳಿ ಬಿಸಿನೀರಿನಲ್ಲಿ ಉಜ್ಜಿದಷ್ಟೂ ಬಿಗಿಯಾಗುವುದನ್ನು ತಾವು ಕಂಡಿದ್ದೀರಿ; ಮೊಲದ ತುಪ್ಪಳ ನಯವಾದ್ದರಿಂದ ಅಷ್ಟು ಸುಲಭವಾಗಿ ಹೆಣೆದುಕೊಳ್ಳುವುದಿಲ್ಲ. ಅದಕ್ಕಾಗಿ ಯುರೋಪಿನ ಹ್ಯಾಟು ಉದ್ಯಮ ಬಹುಕಾಲ ತುಪ್ಪಳಕ್ಕೆ ಪಾದರಸದ ನೈಟ್ರೇಟ್ ದ್ರಾವಣವನ್ನು ಬಳಿಯುತ್ತಿತ್ತು. ಅದರಿಂದ ಕೂದಲಿನ ಮೇಲ್ಮೈ ಒರಟಾಗಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತಿತ್ತು. ಆ ಆವಿಯನ್ನು ಉಸಿರಾಡಿದ ಕೆಲಸಗಾರರ ಕೈ ನಡುಗುತ್ತಿತ್ತು, ಮನಸ್ಸಿನ ಸ್ಥಿಮಿತ ತಪ್ಪುತ್ತಿತ್ತು. ಹಳೆಯ ಫೆಲ್ಟಿನಲ್ಲಿ ಪಾದರಸದ ಅಂಶ ಉಳಿದಿರಬಹುದೆಂದು ಗೊತ್ತಿರುವಾಗ, ಕಿಟಕಿ ಮುಚ್ಚಿದ ಹಿಂಬದಿಯ ಕೋಣೆಯಲ್ಲಿ ಅದನ್ನು ದಿನವಿಡೀ ಬಿಸಿ ಹಬೆಗೆ ಹಿಡಿಯುವುದು ನಮಗಾಗಲಿ ನಮ್ಮ ಸಹಾಯಕರಿಗಾಗಲಿ ತರವಲ್ಲ. ತಾವೂ ಮನೆಯಲ್ಲಿ ಕೆಟಲಿನ ಹಬೆಗೆ ಹಳೆಯ ಹ್ಯಾಟನ್ನು ಹಿಡಿಯಬಾರದೆಂದು ವಿನಂತಿ. ಹಬೆ ತಗುಲಿದ ಹಳೆಯ ಚರ್ಮ ಕ್ಷಣದಲ್ಲಿ ಮುರುಟಿ, ಇಡೀ ಹ್ಯಾಟನ್ನೇ ತನ್ನೊಡನೆ ಎಳೆದು ಸೊಟ್ಟ ಮಾಡುತ್ತದೆ.

ಬದಲಾಗದೆ ಉಳಿಯುವ ಕೆಲಸ ಎರಡು. ಪ್ರತಿಯೊಂದು ಹ್ಯಾಟನ್ನೂ ಮೃದು ಬ್ರಷ್ಷಿನಿಂದ ಒರೆಸುತ್ತೇವೆ. ಬಟ್ಟೆ ತಿನ್ನುವ ಹುಳದ ಮೊಟ್ಟೆ ಉಳಿಯದಂತೆ, ಮುಚ್ಚಿದ ಚೀಲದಲ್ಲಿಟ್ಟು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಎರಡು ವಾರ ಇರಿಸುತ್ತೇವೆ.

ಬೆಲೆಯ ವಿಚಾರ. ದುರಸ್ತಿಗೆಂದು ಪ್ರತಿ ಹ್ಯಾಟಿನ ಬೆಲೆಯಲ್ಲಿ ಸೇರಿಸುತ್ತಿದ್ದ 35 ಯೂರೋ ಇನ್ನು ಇರುವುದಿಲ್ಲ. ಧರಿಸುವುದಕ್ಕಾಗಿಯೇ ಕೊಳ್ಳುವವರು ನಮ್ಮಲ್ಲಿ ಅನೇಕರಿದ್ದಾರೆ, ಅವರ ಆಸೆಯೂ ನ್ಯಾಯವಾದದ್ದೇ. ಮುರಿದ ಚರ್ಮವನ್ನು ಹಣೆಗೆ ಒತ್ತಿಕೊಂಡು ಓಡಾಡಿ ಎಂದು ನಾವು ಹೇಳಲಾರೆವು. ಅಂಥವರು ಬರವಣಿಗೆಯಲ್ಲಿ ಕೇಳಿದರೆ ಒಳಪಟ್ಟಿಯನ್ನು ಬದಲಾಯಿಸಿ ಕೊಡುತ್ತೇವೆ, ಅದಕ್ಕೆ ಅದೇ 35 ಯೂರೋ. ಆದರೆ ತೆಗೆದ ಪಟ್ಟಿ, ಅದರ ಹಿಂದೆ ಸಿಕ್ಕ ಕಾಗದ, ದಾರ ಎಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿ, ತೆಗೆಯುವ ಮೊದಲಿನ ಚಿತ್ರಗಳೊಡನೆ ಹ್ಯಾಟಿನ ಪೆಟ್ಟಿಗೆಯಲ್ಲೇ ಇಡುತ್ತೇವೆ. ದಯವಿಟ್ಟು ಆ ಲಕೋಟೆಯನ್ನು ಬಿಸಾಡಬೇಡಿ. ಹ್ಯಾಟನ್ನು ಮುಂದೆ ಬೇರೆಯವರಿಗೆ ಕೊಡುವಾಗ ಅದನ್ನೂ ಕೊಡಿ. ಆಕಾರ ಸರಿಪಡಿಸಲೇಬೇಕಾದ ಹ್ಯಾಟುಗಳನ್ನು ತಕ್ಕ ವ್ಯವಸ್ಥೆಯಿರುವ ಹ್ಯಾಟು ಕೆಲಸಗಾರರಿಗೆ ಕಳುಹಿಸುತ್ತೇವೆ. ಅದರ ಖರ್ಚನ್ನು ಮೊದಲೇ ತಿಳಿಸಿ, ತಮ್ಮ ಒಪ್ಪಿಗೆ ಪಡೆದೇ ಮುಂದುವರಿಯುತ್ತೇವೆ.

ಹಳೆಯ ಚರ್ಮ ಹಾಗೆಯೇ ಇರುವುದರಿಂದ ಕರಾವಳಿ ಮತ್ತು ಮಲೆನಾಡಿನ ಗ್ರಾಹಕರಿಗೆ ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಹ್ಯಾಟುಗಳನ್ನು ಕಳುಹಿಸುವುದಿಲ್ಲ. ಮಳೆಗಾಲದಲ್ಲಿ ದಾರಿಯಲ್ಲೇ ಬೂಷ್ಟು ಹಿಡಿದ ಪಾರ್ಸಲ್ಲುಗಳನ್ನು ಹಿಂದೆ ಕಂಡಿದ್ದೇವೆ. ಹಣ ಕೊಟ್ಟು ಕಾಯ್ದಿರಿಸಿದ ಹ್ಯಾಟುಗಳನ್ನು ಅಲ್ಲಿಯವರೆಗೆ ಯಾವ ಬಾಡಿಗೆಯೂ ಇಲ್ಲದೆ ನಮ್ಮಲ್ಲೇ ಜೋಪಾನವಾಗಿ ಇಡುತ್ತೇವೆ. ಮನೆಯಲ್ಲಿ ಹ್ಯಾಟನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡದೆ ರಟ್ಟಿನ ಪೆಟ್ಟಿಗೆಯಲ್ಲಿ, ಅಂಚಿನ ಮೇಲೆ ಭಾರ ಬೀಳದಂತೆ ನೆತ್ತಿಯನ್ನು ಕೆಳಗೆ ಮಾಡಿ ಇಡಿ.

ಕೊನೆಯದಾಗಿ, ಈಗಾಗಲೇ ನಮ್ಮಿಂದ ದುರಸ್ತಿ ಮಾಡಿದ ಹ್ಯಾಟುಗಳನ್ನು ಕೊಂಡವರಿಗೆ. ತೆಗೆದ ಒಳಪಟ್ಟಿ, ಅಸ್ತರುಗಳಲ್ಲಿ ಸುಮಾರು ನಲವತ್ತನ್ನು, ಅಕ್ಷರಗಳು ಚೆನ್ನಾಗಿವೆ ಎಂಬ ಕಾರಣಕ್ಕೆ ಎಸೆಯದೆ ಒಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆವು. ಅವುಗಳಲ್ಲಿ ಯಾವುದು ಯಾವ ಹ್ಯಾಟಿನದು ಎಂಬುದನ್ನು ಹೊಲಿಗೆಯ ತೂತುಗಳ ಅಂತರ, ಸುತ್ತಳತೆ ಮತ್ತು ಹಳೆಯ ಚಿತ್ರಗಳಿಂದ ಒಂದೊಂದಾಗಿ ಹೊಂದಿಸುತ್ತಿದ್ದೇವೆ. ತಮ್ಮ ಹ್ಯಾಟಿನ ರಸೀದಿ ಸಂಖ್ಯೆಯನ್ನೂ ಒಳಗಿನ ಸುತ್ತಳತೆಯನ್ನೂ ಬರೆದು ಕಳುಹಿಸಿದರೆ ಹುಡುಕಿ ನೋಡಿ, ಸಿಕ್ಕಿದ್ದನ್ನು ನಮ್ಮ ಖರ್ಚಿನಲ್ಲಿಯೇ ಅಂಚೆಗೆ ಹಾಕುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಅಂಗಡಿಯ ಪಾಲುದಾರರು
ಟೊರಿನೊ